ಶಮೀಮಳ ಸಾಲಿಗೆ ಬಂದ ‘ಯೆಸ್’

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ನಕ್ಕು ಪುಟ ತಿರುವಿಬಿಡುತ್ತಿದ್ದೆ. ಆನೆಕೊಂಡದ ನಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಪ್ಪ ಕೂತು ದೆವ್ವದ ಕಥೆ ಹೇಳುವಾಗಲೂ ಅವರ ಮಾತಿನ ರುಚಿಗೆ ಕಿವಿ ಕೊಡುತ್ತಿದ್ದೆನೇ ಹೊರತು ಒಂದನ್ನೂ ನಂಬಿದವನಲ್ಲ. ಆದ್ದರಿಂದ ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಕೊನೆ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಕಂಪ್ಯೂಟರ್ ತರಗತಿ ಶುರುವಾಗಿತ್ತು. ಇದ್ದದ್ದು ಮೂರೇ ಯಂತ್ರ. ಧೂಳು ತಾಗಬಾರದೆಂದು ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದಂತೆ ಒಳಗೆ ಹೋಗಬೇಕು. ವಿದ್ಯಾರ್ಥಿಗೆ ವಾರಕ್ಕೆ ಅರ್ಧ ಗಂಟೆ ಮಾತ್ರ ಯಂತ್ರ. ಮಿಕ್ಕದ್ದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಸಾಲು ಸಾಲಿಗೂ ಬೆರಳಿಟ್ಟು ಲೆಕ್ಕ ಹಾಕಿ ನೋಡುವುದು. ಅಲ್ಲಿ ಸಿ ಭಾಷೆ ಕಲಿಸುತ್ತಿದ್ದವನು ನಾನು. ಕಲಿಸುತ್ತಿದ್ದೆ ಅಂದೆನಲ್ಲ, ನಿಜ ಹೇಳಬೇಕೆಂದರೆ ಅವರಿಗಿಂತ ಒಂದೇ ಒಂದು ಪಾಠ ಮುಂದಿದ್ದೆ.

ಶಮೀಮ್ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಂದೆ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಮೂರು ಪರೀಕ್ಷೆಗಳಲ್ಲಿ ಸರಾಸರಿ ಅರವತ್ತಕ್ಕಿಂತ ಹೆಚ್ಚು ಬಂದವರಿಗಷ್ಟೇ ಮುಂದಿನ ತರಗತಿ ಎಂದು ನಮ್ಮ ನಿಯಮ. ಒಂದು ದಿನ ತಂದೆಯೂ ಅವಳ ಜೊತೆ ಬಂದು, “ಪಾಸಾದ್ರೆ ಕಲೀಲಿ ಸಾಹೇಬ್ರ, ನಾ ಬ್ಯಾಡ ಅನ್ನಲ್ಲ. ಇಲ್ಲಾಂದ್ರೆ ಈ ಬಸ್ಸಿನ ತಿರುಗಾಟ ಸಾಕು, ನನ್ ಜೊತೆ ಹಾಸಿಗೆ ಹೊಲೀಲಿ” ಎಂದು ಹೇಳಿ ಹೋಗಿದ್ದರು.

ಫಲಿತಾಂಶವನ್ನೂ ಕಂಪ್ಯೂಟರಿನಿಂದಲೇ ತೆಗೆಯಬೇಕೆಂಬ ಹುಮ್ಮಸ್ಸು ನನಗೆ. ಪ್ರೋಗ್ರಾಂ ಚಿಕ್ಕದು. ಅಂಕ ಕೂಡಿಸು, ಮೂರರಿಂದ ಭಾಗಿಸು. ಬಂದದ್ದು ಅರವತ್ತಕ್ಕಿಂತ ಹೆಚ್ಚಿದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ಮಟಮಟ ಮಧ್ಯಾಹ್ನ, ಕೋಣೆಯಲ್ಲಿ ನಾನೊಬ್ಬನೇ. ಹನ್ನೊಂದು ಜನರ ಅಂಕಗಳನ್ನು ಪ್ರೋಗ್ರಾಮಿನೊಳಗೇ ಬರೆದು ಓಡಿಸಿದೆ. ಶಮೀಮಳ ಸಾಲಿನಲ್ಲಿ ಐವತ್ತೆಂಟು, ಅರವತ್ತೆರಡು, ಅರವತ್ತೊಂದು; ಸರಾಸರಿ ಅರವತ್ತು; ಅದರ ಮುಂದೆ ‘ಯೆಸ್’. ಎಲ್ಲಕ್ಕಿಂತ ಕೆಳಗೆ, ಆಯ್ಕೆಯಾದವರು ಐದು.

ಅರವತ್ತು ಅರವತ್ತಕ್ಕಿಂತ ಹೆಚ್ಚು ಹೇಗಾದೀತು? ಒಂದಕ್ಷರವನ್ನೂ ತಿದ್ದದೆ ಮತ್ತೆ ಓಡಿಸಿದೆ. ‘ನೋ’. ಆಯ್ಕೆಯಾದವರು ನಾಲ್ಕು. ಇನ್ನೂ ಮೂರು ಸಲ ಓಡಿಸಿದೆ, ‘ನೋ’ ಬಿಟ್ಟು ಬೇರೆ ಬರಲಿಲ್ಲ. ಕರೆಂಟು ಏರಿಳಿದಿರಬೇಕು ಅಂದುಕೊಂಡು ನಾಲ್ಕು ಹೆಸರು ಬರೆದು ಬಾಗಿಲಿಗೆ ಅಂಟಿಸಿದೆ.

ಮರುದಿನ ಶಮೀಮ್ ನೋಟ್‌ಬುಕ್ ಹಿಡಿದು ಬಂದಳು. “ಸಾರ್, ಅರವತ್ ಮೂರ್ಲೆ ನೂರಾ ಎಂಬತ್ತು. ನಂದು ನೂರಾ ಎಂಬತ್ತೊಂದು ಐತ್ರಿ. ಒಂದು ಉಳೀತಲ್ಲ, ಅದೆಲ್ಲಿ ಹೋತು?”

“ಏನಮ್ಮಾ, ಕಂಪ್ಯೂಟರಿಗೇ ಲೆಕ್ಕ ಹೇಳ್ಕೊಡ್ತೀಯಾ?” ಅಂದೆ. ಉಳಿದವರು ಗೊಳ್ಳೆಂದು ನಕ್ಕರು.

ಅವಳು ನಗಲಿಲ್ಲ. “ಹಾಸಿಗೆಗೆ ತುಂಬಿ ಉಳಿದ ಹತ್ತೀನ ನಮ್ಮಪ್ಪ ಬಿಸಾಕಲ್ರಿ ಸಾರ್, ದಿಂಬಿಗೆ ಹಾಕ್ತಾರೆ” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು.

ತಿಂಗಳು ಕಳೆದಿತ್ತು. ಮುಂದಿನ ಪಾಠಕ್ಕೆ ತಯಾರಾಗುತ್ತಿದ್ದಾಗ ಪುಸ್ತಕದಲ್ಲಿ ಓದಿದೆ: ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿದ ಶೇಷವನ್ನು ಯಂತ್ರ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಶಮೀಮಳ ಅಂಕಗಳನ್ನು ಕಾಗದದ ಮೇಲೆ ಕೈಯಿಂದಲೇ ಭಾಗಿಸಿ ನೋಡಿದೆ. ಅವಳ ಸರಾಸರಿ ಅರವತ್ತಲ್ಲ, ಅರವತ್ತರ ಮೇಲೆ ಮೂರನೇ ಒಂದು ಭಾಗ. ಹೆಚ್ಚೇ! ನಾನು ಬರೆದ ತಪ್ಪು ಪ್ರೋಗ್ರಾಂ ಒಂದೇ ಒಂದು ಸಲ, ತಪ್ಪಲೇಬೇಕಿದ್ದ ಅವಳ ಸಾಲಿಗೆ, ಸರಿಯಾದ ಉತ್ತರ ಕೊಟ್ಟಿತ್ತು.

ಆ ಭಾನುವಾರವೇ ಹರಿಹರಕ್ಕೆ ಹೋದೆ. ಶಮೀಮ್ ಉದ್ದನೆಯ ಸೂಜಿ ಹಿಡಿದು ಹಾಸಿಗೆಗೆ ಹೊಲಿಗೆ ಹಾಕುತ್ತಿದ್ದಳು. ತಪ್ಪು ನನ್ನದೆಂದು ಹೇಳಿ, ನಾಳೆಯಿಂದಲೇ ಬರಲಿ ಎಂದು ಕೇಳಿಕೊಂಡೆ. ಅವಳ ತಂದೆ ಹತ್ತಿ ಹಿಂಜುವುದನ್ನು ನಿಲ್ಲಿಸಿ ತಲೆ ಮೇಲೆ ಕೈಹೊತ್ತರು. “ಮೇಷ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತೈತೇನು ಅಂತ ಬೈದ್ನಲ್ರಿ ಸಾಹೇಬ್ರ. ಮಗಳ ಮಾತು ನಾನೂ ನಂಬಲಿಲ್ಲ.”

ಅವಳು ಮಾತ್ರ ಸೂಜಿ ನಿಲ್ಲಿಸಲಿಲ್ಲ. “ನನ್ನ ಲೆಕ್ಕ ಸರಿ ಇತ್ತಲ್ರಿ ಸಾರ್?”

“ಸರಿ ಇತ್ತಮ್ಮ.”

“ಅಷ್ಟು ಸಾಕ್ರಿ. ನಾ ಬರಲ್ಲ.”

ತಂದೆ ಹೇಳಿದರೂ ಬರಲಿಲ್ಲ. ಪ್ರೋಗ್ರಾಮಿನ ತಪ್ಪನ್ನು ಒಪ್ಪಿಕೊಂಡೆನೇ ಹೊರತು ಆ ‘ಯೆಸ್’ ವಿಷಯ ಬಾಯಿಬಿಡಲಿಲ್ಲ. ಆಮೇಲೆ ಅದೇ ಪ್ರೋಗ್ರಾಮನ್ನು ಎಷ್ಟು ಸಲ, ಎಷ್ಟು ಯಂತ್ರಗಳಲ್ಲಿ ಓಡಿಸಿ ನೋಡಿದ್ದೇನೋ! ಒಮ್ಮೆಯೂ ಹಾಗೆ ಬಂದಿಲ್ಲ. ನಿಮ್ಮ ಕಣ್ಣು ತಪ್ಪಿರಬೇಕು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಯಂತ್ರ ಐದು ಜನರನ್ನು ಎಣಿಸಿತ್ತಲ್ಲ, ಅದಕ್ಕೇನನ್ನಲಿ? ನನಗಿನ್ನೂ ಗೊತ್ತಿಲ್ಲ. ತಿಳಿಯದೆ ತಪ್ಪು ಮಾಡಿದವನನ್ನು ಶಮೀಮ್ ಕ್ಷಮಿಸಿದ್ದಾಳು. ಕಣ್ಣೆದುರು ಬಂದ ‘ಯೆಸ್’ ಅನ್ನು ಬೇಡವೆಂದು, ‘ನೋ’ ಬರುವ ತನಕ ಓಡಿಸಿದವನಿಗೆ ಏನನ್ನುತ್ತಿದ್ದಳೋ, ಕೇಳುವ ಧೈರ್ಯ ಆಗಲೂ ಇರಲಿಲ್ಲ, ಈಗಲೂ ಇಲ್ಲ.