ಮಲಕಪ್ಪನ ಹಕ್ಕರಕಿ ಮಡಿ

ಸಂಶಿಯ ನಮ್ಮ ಓಣಿಯಲ್ಲಿ ಸ್ವಚ್ಛತೆಯ ವಿಷಯಕ್ಕೆ ಎಲ್ಲರ ತಲೆ ತಿಂದವನೆಂದರೆ ಮಲಕಪ್ಪ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಕಿಟಕಿಯಿಂದ ಎಲೆ ಅಡಿಕೆ ಉಗುಳಿದವರನ್ನು ನಡುದಾರಿಯಲ್ಲಿ ಇಳಿಸಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ. ಮನೆಯಲ್ಲಿ ಕೂತ ಮೇಲೂ ಆ ಚಾಳಿ ಹೋಗಲಿಲ್ಲ. ಯಾರ ಮನೆಯ ಮುಸುರೆ ನೀರು ರಸ್ತೆಗೆ ಬಂದರೂ ಅವರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಬೈಸಿಕೊಂಡವರು ಬೆನ್ನ ಹಿಂದೆ ಏನೇನೋ ಅನ್ನುತ್ತಿದ್ದರು. ನನಗೆ ಮಾತ್ರ ಅವನೆಂದರೆ ಅಭಿಮಾನ. ನಾನು ಇದೇ ಊರಿನ ಶಾಲೆಯಲ್ಲಿ ಮಾಸ್ತರ. ಹೇಳಿದ್ದನ್ನು ತಾನೇ ಮಾಡಿ ತೋರಿಸುವ ಜನ ನನಗೆ ಅಪರೂಪಕ್ಕೆ ಸಿಗುತ್ತಾರೆ.

ಐದು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಕುಂಯ್‌ಗುಡುತ್ತಿದ್ದ ಕುನ್ನಿಯೊಂದನ್ನು ತಂದು, ಮೋತಿ ಎಂದು ಹೆಸರಿಟ್ಟು ಸಾಕಿದ. ನಮ್ಮಲ್ಲಿ ನಾಯಿ ಸಾಕಿದವರು ಬೆಳಗಾದರೆ ಅದನ್ನು ಬೀದಿಗೆ ಬಿಡುತ್ತಾರೆ. ಅದು ಯಾರ ಕಟ್ಟೆಯ ಮುಂದೆ ಕೂರುತ್ತದೋ ಅದು ಆ ಮನೆಯವರ ಹಣೆಬರಹ. ಮಲಕಪ್ಪ ಹಾಗೆ ಮಾಡಿದವನಲ್ಲ. ಮೋತಿಯನ್ನು ಹಿತ್ತಲಲ್ಲೇ ಕಟ್ಟಿ, ಅದು ಹಾಕಿದ್ದನ್ನು ತಗಡಿನಿಂದ ಬಳಿದು ತಿಪ್ಪೆಗೆ ಒಯ್ದು ಹಾಕುತ್ತಿದ್ದ. ಅದೇ ತಿಪ್ಪೆಗೆ ಎಮ್ಮೆಯ ಸಗಣಿ, ಒಲೆಯ ಬೂದಿ, ಕಸ. ಎಮ್ಮೆ ಹಾಕಿದರೇನು, ಮೋತಿ ಹಾಕಿದರೇನು, ಕೊಳೆತ ಮೇಲೆ ಎಲ್ಲ ಗೊಬ್ಬರವೇ ಎಂಬುದು ಅವನ ವಾದ. ನಾನೂ ತಲೆಯಾಡಿಸಿದ್ದೆ. ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ ಹೂ ಏರಿಸುವ ಜನ ನಾವು. ಗೊಬ್ಬರದಲ್ಲಿ ಕೆಟ್ಟದ್ದಿರಬಹುದು ಎಂಬ ಅನುಮಾನ ನಮಗೆ ಸುಲಭಕ್ಕೆ ಬರುವುದಿಲ್ಲ. ಅನುಮಾನದ ಮಾತು ಹಾಗಿರಲಿ, ಆರನೇ ಇಯತ್ತೆಯ ಮಕ್ಕಳನ್ನು ಸಾಲಾಗಿ ಕರೆದೊಯ್ದು, ಮನುಷ್ಯ ಅಂದರೆ ಹೀಗಿರಬೇಕು ಎಂದು ಆ ತಿಪ್ಪೆಯನ್ನು ತೋರಿಸಿ ಬಂದಿದ್ದೆ.

ಆ ಗೊಬ್ಬರ ಹಾಕಿದ ಮಡಿಯಲ್ಲಿ ಅವನು ಹಕ್ಕರಕಿ ಸೊಪ್ಪು ಬೆಳೆಯುತ್ತಿದ್ದ. ಎಲೆ ಅಂಗೈಯಗಲ ಬರುತ್ತಿತ್ತು. ಹಕ್ಕರಕಿಯನ್ನು ನಾವು ಬೇಯಿಸುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿಯದ್ದನ್ನೇ ತಿನ್ನುತ್ತೇವೆ. ಓಣಿಯಲ್ಲಿ ಅವನ ಹಕ್ಕರಕಿ ತಿನ್ನದ ಮನೆಯಿಲ್ಲ. ಎಲ್ಲರಿಗಿಂತ ಹೆಚ್ಚು ತಿಂದವಳು ಬಾಜೂ ಮನೆಯ ರೇವವ್ವನ ಮೊಮ್ಮಗಳು ಅಮೃತಾ. ಒಂಬತ್ತು ವರ್ಷದ ಹುಡುಗಿ ಗೋಡೆ ಹಾರಿ ಬಂದು, ಮಡಿಯಿಂದಲೇ ಕಿತ್ತು, ಲಂಗಕ್ಕೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಲಕಪ್ಪ ಅದನ್ನು ನೋಡಿ ಖುಷಿಪಡುತ್ತಿದ್ದ.

ಕಳೆದ ವರ್ಷ ಆ ಹುಡುಗಿ ಶಾಲೆಯಲ್ಲಿ ಕತ್ತು ಓರೆ ಮಾಡಿ ಬೋರ್ಡು ನೋಡತೊಡಗಿದಳು. ಎಡಗಣ್ಣು ಮುಚ್ಚಿಸಿ ಓದಿಸಿದೆ. ಅಕ್ಷರ ಇರಲಿ, ಬೋರ್ಡೇ ಸರಿಯಾಗಿ ಕಾಣುತ್ತಿರಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ದರು. ಬಲಗಣ್ಣಿನ ಒಳಗೆ, ಹಿಂಭಾಗದಲ್ಲಿ ಬಾವು ಬಂದಿದೆ ಎಂದರು ಡಾಕ್ಟರು. ಮನೆಯಲ್ಲಿ ನಾಯಿ ಇದೆಯೇ ಎಂದು ಕೇಳಿದರಂತೆ. ರೇವವ್ವ ಇಲ್ಲ ಎಂದಳು. ಅವಳ ಮನೆಯಲ್ಲಿ ನಾಯಿ ಇರಲಿಲ್ಲ, ಅದು ನಿಜ. ಸದ್ಯಕ್ಕೆ ಹಾಕಲು ಔಷಧಿ ಕೊಟ್ಟು, ಮೂರು ವಾರ ಬಿಟ್ಟು ಬರಲು ಹೇಳಿ ಕಳಿಸಿದರು.

ಅದಾಗಿ ಮೂರು ದಿನಕ್ಕೆ ಮೋತಿ ಜಂತುಹುಳ ಕಾರಿತು. ಮಲಕಪ್ಪ ಅದನ್ನು ಪಶು ಆಸ್ಪತ್ರೆಗೆ ಒಯ್ದ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಜಂತಿನ ಔಷಧಿ ಹಾಕಿರಲಿಲ್ಲ. ಅದರ ಹೊಲಸನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿದ ಡಾಕ್ಟರು, ತಿಪ್ಪೆ ಎಂದಾಗ ಪೆನ್ನು ಕೆಳಗಿಟ್ಟರಂತೆ. ನಾಯಿಯ ಜಂತಿನ ತತ್ತಿ ಕೊಳೆತರೂ ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ, ಹಸಿ ತಿನ್ನುವ ಪಲ್ಲೆಗೆ ಆ ಗೊಬ್ಬರ ಹಾಕಲೇಬಾರದು, ಮಕ್ಕಳ ಹೊಟ್ಟೆಗೆ ಹೋದರೆ ಒಮ್ಮೊಮ್ಮೆ ಕಣ್ಣಿಗೂ ಏರುತ್ತದೆ ಎಂದು ಬಿಡಿಸಿ ಹೇಳಿದರು.

ಅಂದು ಸಂಜೆ ಮಲಕಪ್ಪ ನಮ್ಮ ಮನೆಗೆ ಬಂದು ಕೂತ. ಈಗಲೇ ಹೋಗಿ ರೇವವ್ವನಿಗೆ ಹೇಳುತ್ತೇನೆ ಎಂದ.

ನಾನು ಅವನನ್ನು ತಡೆದೆ. "ಆ ಹುಡುಗಿ ಕಣ್ಣು ಇದರಿಂದನ ಕೆಟ್ಟಿತು ಅಂತ ಯಾರು ಕಂಡಾರ? ಓಣಿ ತುಂಬ ಬೀದಿ ನಾಯಿ ಅದಾವು. ಪಕ್ಕಾ ಆಗೂತನಕ ಬಾಯಿ ಬಿಡಬ್ಯಾಡ ಮಲಕಪ್ಪಾ."

ಅವನ ಮೇಲಿನ ಕಾಳಜಿಯಿಂದ ಹೇಳಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಾಸ್ತರ ಮಕ್ಕಳನ್ನು ಆ ತಿಪ್ಪೆಗೇ ಕರೆದೊಯ್ದಿದ್ದ ಎಂದು ನಾಳೆ ಊರು ಆಡಿಕೊಂಡೀತು ಎಂಬ ಹೆದರಿಕೆ ನನ್ನದು. ಓದಿದವನು ಹೇಳಿದ್ದಾನೆ ಎಂದು ಮಲಕಪ್ಪ ಕೇಳಿದ.

ಮರುದಿನವೇ ಮಡಿಯನ್ನೆಲ್ಲ ಕಿತ್ತುಹಾಕಿದ. ತಿನ್ನುವಂಥದ್ದನ್ನು ಅಲ್ಲಿ ಮತ್ತೆ ಬೆಳೆಯಲಿಲ್ಲ. ಬೋರಿನಿಂದ ದೂರ, ಹಿತ್ತಲ ಕೊನೆಯಲ್ಲಿ ಸೊಂಟದಾಳದ ಗುಂಡಿ ತೋಡಿ, ಮೋತಿಯದನ್ನು ಹಾಳೆಯಲ್ಲಿ ಸುತ್ತಿ ಅದಕ್ಕೆ ಹಾಕಿ, ಮೇಲೆ ಮಣ್ಣು ಎಳೆದು ತಗಡು ಮುಚ್ಚಿ, ಮೊಣಕೈತನಕ ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದ. ಮೂರು ತಿಂಗಳಿಗೊಮ್ಮೆ ಔಷಧಿ ಹಾಕಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿದ. ಎಲ್ಲ ಸರಿಯಾಗಿ ಮಾಡಿದ, ಮಾಡಬೇಕಾದ ಒಂದನ್ನು ಬಿಟ್ಟು. ಹಕ್ಕರಕಿ ಯಾಕಿಲ್ಲ ಎಂದು ರೇವವ್ವ ಕೇಳಿದರೆ ರೋಗ ಬಿದ್ದಿದೆ ಎಂದ. ಅವಳು ಪಾಪ, ಮಲಕಪ್ಪಣ್ಣನ ಮುಖ ಇಳಿದಿದೆ ಎಂದು ರೊಟ್ಟಿ ಮಾಡಿ ಕಳಿಸಿದಳು. ಅವನು ಅದನ್ನು ಮುಟ್ಟದೆ ಹಾಗೇ ಇಟ್ಟ. ಒಂದು ದಿನ ಮೋತಿಯ ಮೇಲೆ ಬಡಿಗೆ ಎತ್ತಿದ. ಅದು ಬಾಲ ಅಲ್ಲಾಡಿಸಿತು. ಬಡಿಗೆ ಎಸೆದು ಅಲ್ಲೇ ಕೂತು ಅತ್ತದ್ದನ್ನು ನಾನು ನಮ್ಮ ಹಿತ್ತಲ ಗೋಡೆಯ ಮೇಲಿಂದ ನೋಡಿದ್ದೇನೆ. ನೋಡಿ ಒಳಗೆ ಹೋದೆ.

ಹದಿನೆಂಟನೇ ದಿನ ಮತ್ತೆ ಬಂದ. "ನಾಳೆ ಮತ್ತ ಹುಬ್ಬಳ್ಳಿಗಿ ಹೊಂಟಾರ. ನಾಯಿ ಐತೇನು ಅಂತ ಡಾಕ್ಟರ್ ಮತ್ತ ಕೇಳತಾರ, ಆಕಿ ಮತ್ತ ಇಲ್ಲ ಅಂತಾಳ. ಇನ್ನ ನನ್ನ ಕಡಿಂದ ಆಗೂದಿಲ್ರಿ ಮಾಸ್ತರ್."

ನಾನೂ ಜೊತೆಗೆ ಹೋದೆ. ರೇವವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಲಕಪ್ಪ ನಿಂತುಕೊಂಡೇ ತಿಪ್ಪೆಯ ಕತೆ, ಮಡಿಯ ಕತೆ, ಪಶು ಡಾಕ್ಟರು ಹೇಳಿದ್ದು ಎಲ್ಲ ಹೇಳಿದ. ಅವಳು ಮೊರ ಕೆಳಗಿಟ್ಟಳು.

"ಇದು ಯಾವತ್ತ ಗೊತ್ತಾತು ನಿಮಗ?"

ಇವತ್ತೇ ಎನ್ನಬಹುದಿತ್ತು. ಯಾರೂ ಹೋಗಿ ವಿಚಾರಿಸುತ್ತಿರಲಿಲ್ಲ.

"ಹದಿನೆಂಟು ದಿನ ಆತವಾ."

"ಮತ್ತ ಇಷ್ಟ ದಿನ ಯಾಕ ಸುಮ್ಮನ ಕುಂತ್ರಿ?"

ಮಲಕಪ್ಪ ನನ್ನ ಕಡೆ ತಿರುಗಲಿಲ್ಲ. ಅಂಜಿದೆ, ತಪ್ಪು ನನ್ನದು ಎಂದ. ನಾನು ಮಾತಾಡಬೇಕಾದ ಜಾಗ ಅದು. ಮೊರದಲ್ಲಿದ್ದ ಜೋಳ ನೋಡುತ್ತ ನಿಂತೆ.

ಮರುದಿನ ಹುಬ್ಬಳ್ಳಿಯಲ್ಲಿ ಇದನ್ನೆಲ್ಲ ಕೇಳಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರು. ನಾಯಿ ಜಂತೇ ಇರಬೇಕು ಎಂದು ಔಷಧಿ ಬದಲಿಸಿದರು. ಬಾವು ಇಳಿಯಿತು, ಕಲೆ ಉಳಿಯಿತು. ಬಲಗಣ್ಣಿಗೆ ಈಗ ಬೆಳಕು, ನೆರಳು ಇಷ್ಟೇ. ಸ್ವಲ್ಪ ಮೊದಲು ಗೊತ್ತಾಗಿದ್ದರೆ ಇನ್ನಷ್ಟು ಉಳಿಸಬಹುದಿತ್ತೇನೋ ಎಂದು ಡಾಕ್ಟರು ಹೇಳಿದ್ದಾರೆ. ಆ "ಏನೋ" ಎನ್ನುವುದನ್ನು ಹಿಡಿದುಕೊಂಡು ನಾನು ದಿನ ಕಳೆಯುತ್ತಿದ್ದೇನೆ. ಮಲಕಪ್ಪನಿಗೆ ಅದೂ ಇಲ್ಲ. ಓಣಿಯಲ್ಲಿ ಅವನು ಈಗ ಯಾರನ್ನೂ ಬೈಯುವುದಿಲ್ಲ, ಮುಸುರೆ ನೀರು ಹರಿದರೆ ದಾಟಿ ಹೋಗುತ್ತಾನೆ.

ರೇವವ್ವ ಅವನ ಜೊತೆ ಮಾತು ಬಿಟ್ಟಿದ್ದಾಳೆ. ಆಸ್ಪತ್ರೆಯ ಕಾಗದಗಳು ಇಂಗ್ಲಿಷಿನಲ್ಲಿರುತ್ತವಲ್ಲ, ಅವನ್ನು ಓದಿಸಲು ನನ್ನ ಹತ್ತಿರ ಬರುತ್ತಾಳೆ. ಹೋದ ವಾರವೂ ಬಂದಿದ್ದಳು. ನಾನು ಓದುತ್ತಿದ್ದಾಗ, "ಅವತ್ತ ಅವರನ್ನ ಕರಕೊಂಡು ಬಂದಾವರು ನೀವ ಅಂತ ನನಗ ಗೊತ್ತೈತ್ರಿ ಮಾಸ್ತರ್. ನಿಮಗ ಮೊದಲ ಗೊತ್ತಾಗಿದ್ರ ಒಂದು ದಿನ ಸೈತ ತಡೀತಿದ್ದಿಲ್ಲ ನೀವು," ಎಂದಳು.

ನಾನು ಕಾಗದದಿಂದ ಮುಖ ಎತ್ತದೆ ಹೌದು ಎಂದೆ.