ಅರ್ಧ ಇಂಚು ಇಬ್ಬನಿ

ನಮ್ಮ ಚನ್ನಬಸವಯ್ಯ ಮೇಷ್ಟ್ರಂಥ ಪೆದ್ದ ಪಂಡಿತರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬೈದೆನೆಂದುಕೊಳ್ಳಬೇಡಿ, ನನಗೆ ಅಕ್ಷರ ಕಲಿಸಿದ ಪುಣ್ಯಾತ್ಮ, ಅಷ್ಟು ಸಲಿಗೆ ನನಗುಂಟು. ಮಾಲೇಕಲ್ಲು ಬೆಟ್ಟದ ಬುಡದ ನಮ್ಮೂರ ಸ್ಕೂಲಿಗೆ ಅವರು ಹಂಗಾಮಿಯಾಗಿ ಬಂದದ್ದು ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ. ಇನ್ಸ್‌ಪೆಕ್ಟರು ಒಳ್ಳೆಯ ಷರಾ ಬರೆದರೆ ಕೆಲಸ ಖಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ಹವಾಮಾನವನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತದು ಎಂದು ಮೇಷ್ಟ್ರು ಸ್ಕೂಲಿನ ಅಂಗಳದಲ್ಲಿ ಒಂದು ಡಬ್ಬ ಹೂತು, ಒಳಗೆ ಅಡಿಪಟ್ಟಿ ನಿಲ್ಲಿಸಿದರು. ದಿನಾ ಬೆಳಿಗ್ಗೆ ನಾವೆಲ್ಲ ಬಗ್ಗಿ ನೋಡಿ, ಎಷ್ಟು ಮಳೆ ಬಿತ್ತೆಂದು ಕೂಗಬೇಕು. ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆ ವರ್ಷ ರೋಹಿಣಿ ಮಳೆ ಕೈಕೊಟ್ಟಿತು, ಮೃಗಶಿರೆಯೂ ಮುಖ ತೋರಿಸಲಿಲ್ಲ. ವಾರವಿಡೀ "ಇಲ್ಲ ಸಾ, ಇಲ್ಲ ಸಾ" ಎಂದು ಗಂಟಲು ಹರಿದುಕೊಂಡೆವು.

ಎಂಟನೆಯ ದಿನ ಡಬ್ಬದಲ್ಲಿ ಅರ್ಧ ಇಂಚು ನೀರು! ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಸುತ್ತಲ ನೆಲ ಮಾತ್ರ ಒಣಗಿ ಬಿರಿದಿತ್ತು. ಮೇಷ್ಟ್ರು ತಲೆ ಕೆರೆದುಕೊಂಡು, ಇದು ಬೆಟ್ಟದಿಂದ ಇಳಿಯುವ ಇಬ್ಬನಿಯೇ ಸರಿ ಎಂದು ತೀರ್ಮಾನಿಸಿ, ಬೋರ್ಡಿನ ಮೇಲೂ ಹಾಗೆಯೇ ಬರೆದು, ಅದರ ಮೇಲೆ ಒಂದು ಪಾಠವನ್ನೇ ಮಾಡಿಬಿಟ್ಟರು. ನಮಗೆಲ್ಲ ನಿಜ ಗೊತ್ತಿತ್ತು. ಕೇಳಿದರೆ ತಾನೇ ಹೇಳುವುದು?

ಇನ್ಸ್‌ಪೆಕ್ಟರು ಬಂದರು. ಬೋರ್ಡು ನೋಡಿದರು, ಆಕಾಶ ನೋಡಿದರು, ಆಮೇಲೆ ಮೇಷ್ಟ್ರನ್ನು ನೋಡಿದರು.

"ಏನ್ರೀ ಇದು, ಜೂನ್ ತಿಂಗಳಲ್ಲಿ ಇಬ್ಬನಿ?"

ಮೇಷ್ಟ್ರು ಅಂಗಳದ ಡಬ್ಬದ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ಎದುರು ಮನೆಯ ಹುಚ್ಚಮ್ಮಜ್ಜಿ ಚೊಂಬು ಹಿಡಿದುಕೊಂಡೇ ಸ್ಕೂಲಿನ ಬಾಗಿಲಿಗೆ ಬಂದಳು.

"ಅವರ್ನ ಯಾಕೆ ಗದರ್ತೀರಿ ಸ್ವಾಮಿ? ನೀರು ಹಾಕಿದ್ದು ನಾನು. ಮನೇಲಿ ಅಕ್ಕಿ ಮುಗಿದ್ರೂ ನಾವು ಇಲ್ಲ ಅನ್ನಲ್ಲ, ಹೆಚ್ಚೈತೆ ಅಂತೀವಿ. ಇಲ್ಲಿ ನೋಡಿದ್ರೆ ಮೂವತ್ತು ಮಕ್ಳು ಬೆಳಗಾನೆದ್ದು ಇಲ್ಲ, ಇಲ್ಲ ಅಂತ ಕೂಗ್ತವೆ. ಕೇಳಿಸ್ಕೊಂಡ ಮಳೆ ಈ ಊರಿಗೆ ಬತ್ತದಾ?"

ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿ, "ಅಳಿಸ್ರೀ ಅದನ್ನ. ಇದ್ದದ್ದು ಇದ್ದ ಹಾಗೆ ಬರೀರಿ" ಎಂದರು.

ಮೇಷ್ಟ್ರು ಅಳಿಸಿದರು. ಸೀಮೆಸುಣ್ಣ ಕೈಗೆತ್ತಿಕೊಂಡರು. ಮಳೆ ಇಲ್ಲ ಎಂದು ಬರೆದರೆ ಅಜ್ಜಿಯ ಮನಸ್ಸು ನೋಯುತ್ತದೆ, ಬರೆಯದಿದ್ದರೆ ಅನ್ನ ಹೋಗುತ್ತದೆ. ಅಯ್ಯೋ, ಬರೆದುಬಿಡಿ ಸಾ, ಎಂದು ನನಗೆ ಅಳುವೇ ಬಂತು. ಅವರು ನಿಧಾನವಾಗಿ ಬರೆದರು: "ಮಳೆ ಬರಬೇಕಾಗಿದೆ."

ಇನ್ಸ್‌ಪೆಕ್ಟರು ಅದನ್ನು ಎರಡು ಸಲ ಓದಿದರು. "ಬೇಲೂರಿನ ಹತ್ತಿರದ ನಮ್ಮ ಹೊಲಕ್ಕೂ ಬರಬೇಕಾಗಿದೆ ಮೇಷ್ಟ್ರೇ" ಎಂದು ಕುರ್ಚಿ ಎಳೆದುಕೊಂಡು, ಖಾಯಂ ಮಾಡಬಹುದೆಂದು ಷರಾ ಬರೆದು ಸಹಿ ಹಾಕಿದರು.