ಮಥಿಲ್ಡೆ ಗೂಡಂಗಡಿಯ ಕೊನೆಯ ಟಿಕೆಟ್

ಗೆರ್ಲಿಂಡೆ ನೋವಾಟ್ಸ್ಕಿ ಮಥಿಲ್ಡೆ ಮೈದಾನದ ಹುಲ್ಲನ್ನು ನೋಡಿದ್ದು ಒಂದೇ ಸಲ. ಆಗ ಅವಳಿಗೆ ಆರು ವರ್ಷ. ಗಣಿಯ ಪಾಳಿ ಮುಗಿಸಿ ಬಂದ ಅಪ್ಪ ಅವಳನ್ನು ಫುಟ್‌ಬಾಲ್ ಆಟಕ್ಕೆ ಕರೆದೊಯ್ದಿದ್ದ. ನಿಂತು ನೋಡುವವರ ಮೆಟ್ಟಿಲುಗಳಲ್ಲಿ ಅವಳ ಸುತ್ತ ಇದ್ದದ್ದು ಒದ್ದೆ ಕೋಟುಗಳು, ಬೂಟುಗಳು, ಹೊಗೆ. ಗುರುತಿಲ್ಲದ ಯಾರೋ ಅವಳನ್ನು ಎತ್ತಿ ಹಿಡಿದರು. ಕಲ್ಲಿದ್ದಲ ಮಸಿ ಹಿಡಿದ ಊರಿನ ನಡುವೆ ಅಷ್ಟಗಲ ಹಸಿರು. ಅಷ್ಟರಲ್ಲಿ ಗೋಲಾಯಿತು. ಎತ್ತಿದ ಕೈಗಳು ಚಪ್ಪಾಳೆಗೆ ಬೇಕಾದವು, ಅವಳು ಮತ್ತೆ ಕೋಟುಗಳ ನಡುವೆ ಇಳಿದಳು.

ಈಗ ಅವಳಿಗೆ ಅರವತ್ತೆಂಟು. ಊರಿಗೆಲ್ಲ ಲಿಂಡೆ. ಮೈದಾನದ ಉತ್ತರ ಗೇಟಿಗೆ ಕೂಗಳತೆಯಲ್ಲಿ ಅವಳ ಗೂಡಂಗಡಿ. ಬಿಯರು, ಪತ್ರಿಕೆ, ಬ್ರೆಡ್ಡಿನ ಮಧ್ಯೆ ಇಟ್ಟ ಮಾಂಸದ ಉಂಡೆ, ಮಕ್ಕಳಿಗೆ ಬಿಡಿ ಮಿಠಾಯಿ. ಆಟದ ದಿನದ ವ್ಯಾಪಾರದಲ್ಲೇ ಉಳಿದ ದಿನಗಳು ಸಾಗಬೇಕು. ಹಾಗಾಗಿ ಊರಿಗೆ ಊರೇ ಒಳಗೆ ಹೋಗುವ ದಿನ ಅವಳು ಹೊರಗೆ.

ಆದರೆ ಒಳಗೆ ಹೋಗುವ ದಾರಿ ಅವಳ ಕಿಟಕಿಯ ಮೂಲಕವೇ ಇತ್ತು. ಇಡೀ ವರ್ಷದ ಆಟಗಳಿಗೆ ಟಿಕೆಟ್ ಕೊಂಡವರು ಒಂದು ಆಟಕ್ಕೆ ಬರಲಾಗದಿದ್ದರೆ ಆ ದಿನದ ಟಿಕೆಟನ್ನು ಲಿಂಡೆಯ ಕೈಗೆ ಕೊಡುತ್ತಿದ್ದರು, ಜೊತೆಗೆ ಕಾರಣವನ್ನೂ. ಮಂಡಿಯ ಆಪರೇಷನ್, ಅತ್ತೆಯ ಹುಟ್ಟುಹಬ್ಬ, ರಾತ್ರಿ ಪಾಳಿ. ಅವಳು ಟಿಕೆಟನ್ನು ಖಾಲಿ ಮಿಠಾಯಿ ಭರಣಿಯಲ್ಲಿ ಹಾಕಿ, ಕೇಳಿ ಬಂದವರಿಗೆ ಕೊಡುತ್ತಿದ್ದಳು. ಷರತ್ತು ಎರಡೇ. ಟಿಕೆಟಿನ ಮೇಲೆ ಅಚ್ಚಾದ ಬೆಲೆಗಿಂತ ಒಂದು ಕಾಸೂ ಹೆಚ್ಚಿಲ್ಲ. ಆಟ ಮುಗಿದ ಮೇಲೆ ಬಂದು, ಟೀವಿಯಲ್ಲಿ ಕಾಣದ ಯಾವುದಾದರೂ ಒಂದನ್ನು ಅವಳಿಗೆ ಹೇಳಬೇಕು. ಎಲ್ಲರೂ ಬಂದು ಹೇಳುತ್ತಿದ್ದರು.

ಒಂದನ್ನು ತನಗೇ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಅವಳ ಹಳೆಯ ಗಿರಾಕಿಯಾದ ನಾನು ಒಮ್ಮೆ ಕೇಳಿದ್ದೆ. "ಇಟ್ಕೊಳ್ಳೋಣ ಅಂತ ಪ್ರತಿ ಸಲ ಅಂದ್ಕೋತಿದ್ದೆ. ಕಿಟಕಿ ಮುಂದೆ ಯಾವನಾದ್ರೂ ಒಬ್ಬ ಅಳುಮುಖ ಹಾಕ್ಕೊಂಡು ನಿಂತಿರ್ತಿದ್ದ."

ಟಿಕೆಟ್ ಫೋನಿಗೆ ಸೇರಿದ ಮೇಲೆ ಭರಣಿಗೆ ಮತ್ತೆ ಮಿಠಾಯಿ ಬಂತು. ಬರಲಾಗದವರು ಈಗ ಅದನ್ನು ಮರುಮಾರಾಟದ ಜಾಲತಾಣಕ್ಕೆ ಹಾಕುತ್ತಾರೆ. ಎಲ್ಲರೂ ಅಲ್ಲ, ಕೆಲವರು. ಮಾರುವುದಕ್ಕೆಂದೇ ಕೊಳ್ಳುವವರೂ ಹುಟ್ಟಿಕೊಂಡರು. ಅಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಆಟ ಮುಗಿದ ಮೇಲೆ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಕಳೆದ ಮೇ ತಿಂಗಳಲ್ಲಿ ಮಥಿಲ್ಡೆಯಲ್ಲಿ ಕೊನೆಯ ಆಟ. ಹೆದ್ದಾರಿಯ ಪಕ್ಕದಲ್ಲಿ ಹೊಸ ಮೈದಾನ ಸಿದ್ಧವಾಗಿತ್ತು. ಹಳೆಯದನ್ನು ಕೆಡವುವುದೆಂದು ತೀರ್ಮಾನವಾಗಿತ್ತು. ಈ ಸಲ ಅಂಗಡಿ ಮುಚ್ಚಿ ಹೋಗಿಯೇ ಹೋಗುತ್ತೇನೆ ಎಂದು ಲಿಂಡೆ ಎಲ್ಲರಿಗೂ ಸಾರಿದ್ದಳು. ಕ್ಲಬ್ಬಿನ ಟಿಕೆಟ್ಟುಗಳು ಬೆಳಗಾಗುವುದರೊಳಗೆ ಮುಗಿದವು. ಜಾಲತಾಣದಲ್ಲಿ ಹದಿನಾರು ಯೂರೋದ ನಿಲ್ಲುವ ಜಾಗ ಇನ್ನೂರು ದಾಟಿತ್ತು. ಲಿಂಡೆಯ ಬಳಿ ಇನ್ನೂರು ಇರಲಿಲ್ಲವೆಂದಲ್ಲ. ಅವಳು ಆ ತಾಣವನ್ನು ತೆರೆದೂ ನೋಡಲಿಲ್ಲ.

ಆಟದ ದಿನ ಮಧ್ಯಾಹ್ನ ಡೆಟ್ಲೆಫ್ ಬಂದ. ಕ್ರೇನ್ ಓಡಿಸಿ ನಿವೃತ್ತನಾದವನು. ದಿನವೂ ಅವಳ ಕಿಟಕಿಯಲ್ಲೇ ಬಿಯರು ಕುಡಿಯುವವನು. ತನ್ನ ಫೋನನ್ನು ಅವಳ ಮುಂದೆ ಇಟ್ಟ.

"ತಗೋ ಹುಡುಗಿ. ಟಿಕೆಟ್ ಇದರೊಳಗಿದೆ. ಗೇಟಲ್ಲಿ ತೋರಿಸು ಸಾಕು. ನನ್ನ ಹತ್ರ ಹಳೇ ಥರದ ವರ್ಷದ ಕಾರ್ಡೇ ಇದೆ, ನಂಗೆ ಫೋನ್ ಬೇಡ."

ಲಿಂಡೆ ಕೈ ಒರೆಸಿಕೊಂಡಳು. "ಯಾರದ್ದು?"

"ನನ್ನ ತಂಗಿ ಮಗಂದು. ಹದಿನಾರೇ ಕೊಟ್ಟಿದ್ದು."

"ಅವನ್ಯಾಕೆ ಬರಲ್ವಂತೆ?"

"ಜ್ವರ."

"ಜ್ವರ ಬಂದೋನು ಇವತ್ತು ಕಂಬಳಿ ಹೊದ್ಕೊಂಡಾದ್ರೂ ಬರ್ತಾನೆ."

"ಅಯ್ಯೋ, ಕೊಟ್ಟಿದ್ದನ್ನ ಸುಮ್ನೆ ತಗೊಂಡ್ರೆ ನಿನ್ನ ಗಂಟೇನು ಹೋಗತ್ತೆ? ಟಿಕೆಟ್ ಕೊಟ್ಟೋರನ್ನ ಪೊಲೀಸ್ನೋರ ಥರ ತನಿಖೆ ಮಾಡ್ತೀಯಲ್ಲ!" ಎಂದು ರೇಗಿ, ಬಿಯರನ್ನು ಅರ್ಧಕ್ಕೇ ಬಿಟ್ಟು ಡೆಟ್ಲೆಫ್ ಗೇಟಿನ ಕಡೆ ನಡೆದುಬಿಟ್ಟ. ಅರ್ಧ ಬಿಯರು ಬಿಟ್ಟುಹೋಗುವ ಮನುಷ್ಯ ಅವನಲ್ಲ. ಟಿಕೆಟ್ ಜಾಲತಾಣದ್ದೇ ಎಂದು ಲಿಂಡೆಗೆ ಗೊತ್ತಾಯಿತು. ಗೊತ್ತಾದ ಮೇಲೂ ಅವಳು ಕಿಟಕಿ ಎಳೆದು ಬೀಗ ಹಾಕಿದಳು, ಕ್ಲಬ್ಬಿನ ಶಾಲು ಸುತ್ತಿಕೊಂಡಳು, ಸಾಲಿನಲ್ಲಿ ಹೋಗಿ ನಿಂತಳು.

ಸಾಲು ಮೆಲ್ಲಗೆ ಸಾಗಿತು. ಗೇಟಿನ ಆಚೆ ಮೆಟ್ಟಿಲುಗಳ ಸಂದಿಯಲ್ಲಿ ಬೆಳಕು ಬೇರೆ ಬಣ್ಣದ್ದಿತ್ತು ಎಂದು ಅವಳು ಆಮೇಲೆ ಹೇಳಿದಳು. ಆಗ ಮುಂದಿದ್ದವನು ತಿರುಗಿದ.

"ಓಹೋ, ಲಿಂಡೆ! ಅಂತೂ ಬಂದ್ಯಲ್ಲ! ಯಾರ ಜಾಗ ಸಿಕ್ತು?"

ನಮ್ಮಲ್ಲಿ ಸಾಲಿನಲ್ಲಿ ನಿಂತವರು ಕೇಳುವುದೇ ಇದನ್ನು. ಉತ್ತರವಾಗಿ ಯಾರದಾದರೂ ಹೆಸರು ಬರಬೇಕು. ಅವನ ಮಂಡಿ ಹೇಗಿದೆ, ಅತ್ತೆ ಹೇಗಿದ್ದಾಳೆ ಎಂದು ಮಾತು ಮುಂದುವರಿಯಬೇಕು. ಲಿಂಡೆಗೆ ಹೇಳಲು ಒಂದು ಹೆಸರೂ ಇರಲಿಲ್ಲ. ಒಲೆ ಆರಿಸೋದು ಮರೆತೆ ಎಂದು ಹೇಳಿ ಸಾಲಿನಿಂದ ಹೊರಗೆ ಬಂದಳು.

ಗೂಡಂಗಡಿಯ ಮುಂದೆ ಟ್ರಾಮ್ ಕಂಪನಿಯ ಸಮವಸ್ತ್ರ ತೊಟ್ಟವನೊಬ್ಬ ನಿಂತಿದ್ದ. ಅಯ್ಹಾನ್ ಎಂದು ಹೆಸರು. ಆಟದ ದಿನಗಳಲ್ಲಿ ಜನರನ್ನು ತುಂಬಿಕೊಂಡು ಬರುವ ಟ್ರಾಮ್ ಓಡಿಸುವವನು. ಅವತ್ತಿನ ಪಾಳಿ ಆಗಷ್ಟೇ ಮುಗಿದಿತ್ತು.

"ಯಜಮಾನ್ತಮ್ಮ, ನಿಮ್ಮ ಹತ್ರ ಟಿಕೆಟ್ ಸಿಗ್ತಿತ್ತಂತೆ, ನಮ್ಮಪ್ಪ ಹೇಳ್ತಿದ್ರು."

"ಸಿಗ್ತಿತ್ತು. ಈಗ ಎಲ್ಲಾ ಫೋನಲ್ಲಿ ಸಿಗತ್ತೆ, ತಗೋಬೇಕಾಗಿತ್ತು."

"ನೋಡ್ದೆ. ಆ ರೇಟ್ ಕೊಟ್ಟು ನಿಂತ್ರೆ ಪಕ್ಕದೋರ ಮುಖ ನೋಡಕ್ಕಾಗಲ್ಲ. ಇಷ್ಟು ವರ್ಷ ಊರೋರ್ನೆಲ್ಲ ಇಲ್ಲಿ ಇಳಿಸಿದ್ದೀನಿ. ನಾನು ಮಾತ್ರ ಇಳ್ದಿಲ್ಲ."

ಒಳಗೆ ತಂಡಗಳ ಹೆಸರು ಕೂಗುತ್ತಿದ್ದರು. ಲಿಂಡೆ ಶಾಲಿನ ತುದಿಯಿಂದ ಫೋನಿನ ಗಾಜು ಒರೆಸಿದಳು. ಒರೆಸಿದ ಮೇಲೂ ಕೈಯಲ್ಲೇ ಹಿಡಿದಿದ್ದಳು.

"ಹದಿನಾರು ಕೊಡು. ಮುಗಿದ ಮೇಲೆ ಫೋನ್ ವಾಪಸ್ ತರ್ಬೇಕು, ಒಳಗೆ ಏನು ನೋಡಿದೆ ಹೇಳ್ಬೇಕು. ಯಾರ ಜಾಗ ಅಂತ ಕೇಳಿದ್ರೆ ಲಿಂಡೆದು ಅನ್ನು."

ಅವನು ಓಡಿದ. ಅವಳು ಕಿಟಕಿ ತೆರೆದಳು. ಎರಡು ಗೋಲು ಬಿದ್ದವು, ಎರಡೂ ನಮ್ಮವು. ಉತ್ತರದ ತುದಿಗೊಂದು, ದಕ್ಷಿಣದ ತುದಿಗೊಂದು. ಕಿಟಕಿಯಲ್ಲಿ ನಿಂತು ಅವಳು ಕೇಳಿಸಿಕೊಂಡಳು.

ಆಟ ಮುಗಿದು ಡೆಟ್ಲೆಫ್ ಬಂದಾಗ ಅವಳು ಹದಿನಾರು ಯೂರೋ ಎಣಿಸಿ ಅವನ ಮುಂದಿಟ್ಟಳು.

"ಏನಿದು? ಒಳಗೆಲ್ಲ ಹುಡುಕ್ದೆ, ನೀನು ಇಲ್ಲಿದ್ದೀಯಾ! ನನ್ನ ಫೋನೆಲ್ಲಿ?"

"ಟ್ರಾಮ್‌ನೋನಿಗೆ ಕೊಟ್ಟೆ. ತರ್ತಾನೆ."

"ಗುರುತಿಲ್ದೋನ ಕೈಗೆ ನನ್ನ ಫೋನಾ? ನಿಂಗೇನು ತಲೆ ಕೆಟ್ಟಿದ್ಯಾ? ಇನ್ನೂರಾ ಹತ್ತು ಕೊಟ್ಟಿದ್ದೆ ಕಣೇ!"

"ತಂಗಿ ಮಗ ಜಾಸ್ತಿ ಕಿತ್ಕೊಂಡ ಬಿಡು."

ಡೆಟ್ಲೆಫ್ ಮುಖ ಕೆಂಪಾಯಿತು. "ನೀನು ನೋಡ್ಲಿ ಅಂತ ತಾನೇ ಮಾಡಿದ್ದು," ಎಂದ, ಸಣ್ಣ ದನಿಯಲ್ಲಿ.

"ಗೊತ್ತು ಕಣೋ. ನಂಗೂ ನೋಡೋ ಆಸೆನೇ ಇತ್ತು." ಅವನ ಅರ್ಧ ಬಿಯರು ಇನ್ನೂ ಅಲ್ಲೇ ಇತ್ತು. ಅದನ್ನು ಚೆಲ್ಲಿ ಹೊಸದೊಂದು ತೆರೆದು ಕೊಟ್ಟಳು.

ಜನ ಕರಗುತ್ತಾ ಬಂತು. ಟ್ರಾಮ್‌ಗಳು ತುಂಬಿ ಹೋದವು, ಆಮೇಲೆ ಖಾಲಿ ಹೋಗತೊಡಗಿದವು. ಡೆಟ್ಲೆಫ್ ಗೇಟಿನ ಕಡೆ ನೋಡುತ್ತಿದ್ದ, ಆಮೇಲೆ ಲಿಂಡೆಯ ಮುಖ. "ಬರ್ತಾನೆ ಅಂದ್ಯಲ್ಲ," ಎಂದ. ಅವಳು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು.

ಅಯ್ಹಾನ್ ಬಂದಾಗ ಗೇಟು ಹಾಕುತ್ತಿದ್ದರು. ಮಂಡಿ, ಉಗುರು ಎಲ್ಲ ಮಣ್ಣು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಿಯರಿನ ಪ್ಲಾಸ್ಟಿಕ್ ಲೋಟ.

"ತಡ ಆಯ್ತು, ಯಜಮಾನ್ತಮ್ಮ. ಜನ ಎಲ್ಲ ಮೈದಾನಕ್ಕೆ ಇಳಿದ್ಬಿಟ್ರು, ನೆನಪಿಗೆ ಅಂತ ಮನೆ ಬೀಗದ ಕೈಯಲ್ಲಿ ಅಗೀತಿದ್ರು, ನಾನೂ ಅಗ್ದೆ."

"ಏನು ನೋಡ್ದೆ, ಮೊದ್ಲು ಅದು ಹೇಳು."

"ದೀಪದ ಕಂಬದಲ್ಲಿ ಪಾರಿವಾಳ ಗೂಡು ಕಟ್ಟಿದೆ. ಗೋಲ್ ಬಿದ್ದಾಗ್ಲೂ ಕದಲ್ಲಿಲ್ಲ."

"ಯಾರ ಜಾಗ ಅಂತ ಕೇಳಿದ್ರಾ?"

"ಸುತ್ತ ಇದ್ದೋರೆಲ್ಲ ಕೇಳಿದ್ರು. ಲಿಂಡೆದು ಅಂದೆ. ಹಾಗಾದ್ರೆ ಮುಂದೆ ಬಾ ಅಂತ ದಾರಿ ಬಿಟ್ರು."

ಲೋಟದಲ್ಲಿ ಅಂಗೈಯಗಲದ ಹುಲ್ಲು, ಬೇರು ಮಣ್ಣಿನ ಸಮೇತ. ಲಿಂಡೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಎಸಳು ಬಿಡಿಸಿ ಬಿಡಿಸಿ ನೋಡಿದಳು.

"ಬಣ್ಣ ಇದೇ," ಎಂದಳು. "ಅವತ್ತು ತುಂಬಾ ದೊಡ್ಡದಿತ್ತು."

ಮಿಠಾಯಿ ಭರಣಿಯ ಪಕ್ಕಕ್ಕೆ ಲೋಟವನ್ನಿಟ್ಟು ಅದಕ್ಕಷ್ಟು ನೀರು ಹಾಕಿದಳು.